ಬ್ಲಾಕ್ ಟೈಮ್: ಟಿಕೆಟ್ಟಿನ ಗಂಟೆ ಹಾರಾಟದ ಗಂಟೆಯಲ್ಲ

‘ಮಂಗಳೂರಿನಿಂದ ದುಬೈಗೆ ಬರೀ ಎರಡೂಕಾಲು ಗಂಟೆ’ ಎಂಬ ಜಾಹೀರಾತು ಭಟ್ಕಳ, ಹೊನ್ನಾವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಸುತ್ತುತ್ತಿದೆ. ಒಂಬತ್ತಕ್ಕೆ ಹೊರಟು ಹನ್ನೊಂದೂಕಾಲಿಗೆ ತಲುಪುತ್ತದೆ ಎಂದು ಕಳೆದು ಬರೆದ ಲೆಕ್ಕ ಅದು. ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ತಲುಪುವ ಹೊತ್ತು ಅಲ್ಲಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಹೋಗುವಾಗ ಅದನ್ನು ಕೂಡಿಸಬೇಕು, ಬರುವಾಗ ಕಳೆಯಬೇಕು. ಗಲ್ಫಿನ ಓಡಾಟ ಇಷ್ಟಿರುವ ಕರಾವಳಿಯಲ್ಲಿ ಇದನ್ನು ಇನ್ನೂ ಹೇಳಬೇಕೇ?

ಕೂಡಿಸಿದಾಗ ಸಿಗುವ ಮೂರೂಮುಕ್ಕಾಲು ಗಂಟೆಯನ್ನು ‘ಹಾರಾಟದ ಸಮಯ’ ಎನ್ನುವುದು ಎರಡನೇ ತಪ್ಪು. ವಿಮಾನಯಾನದವರು ಅದನ್ನು ಕರೆಯುವುದು ಬ್ಲಾಕ್ ಟೈಮ್ ಎಂದು. ಸೀಟು ಬ್ಲಾಕ್ ಮಾಡುವುದಕ್ಕೂ ಇದಕ್ಕೂ ನಂಟಿಲ್ಲ. ನಿಂತ ವಿಮಾನ ಜರುಗದಂತೆ ಗಾಲಿಗಳ ಹಿಂದೆಮುಂದೆ ಇಡುವ ಮರದ ಅಥವಾ ರಬ್ಬರಿನ ತುಂಡುಗಳೇ ಈ ಬ್ಲಾಕ್. ಅರಬೈಲ್ ಘಟ್ಟದಲ್ಲಿ ಲಾರಿ ನಿಂತರೆ ಕ್ಲೀನರ್ ಇಳಿದು ಟಯರಿಗೆ ಕಲ್ಲು ಕೊಡುತ್ತಾನಲ್ಲ, ಅದೇ ಕೆಲಸ. ತುಂಡು ತೆಗೆದು ವಿಮಾನ ಜರುಗಿತೆಂದರೆ ‘ಆಫ್ ಬ್ಲಾಕ್’. ಆ ಕಡೆ ಪೂರ್ತಿ ನಿಂತು ಗಾಲಿಗೆ ಮತ್ತೆ ತುಂಡು ಬಿತ್ತೆಂದರೆ ‘ಆನ್ ಬ್ಲಾಕ್’. ಇವೆರಡರ ನಡುವಿನ ಹೊತ್ತೇ ಬ್ಲಾಕ್ ಟೈಮ್. ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಬಾರದು ಎಂಬ ಮಿತಿಯನ್ನು ಅಳೆಯುವುದೂ ಹೀಗೆಯೇ. ಅವರ ದಣಿವು ರನ್‌ವೇ ಬಿಟ್ಟ ಮೇಲೆ ಶುರುವಾಗುವಂಥದ್ದಲ್ಲ.

ಇನ್ನು ದೂರ. ಭೂಮಿಯ ಮೈಮೇಲಿನ ಅತಿ ಹತ್ತಿರದ ದಾರಿ, ಅಂದರೆ ಮಹಾವೃತ್ತದ ಗುಂಟ ಅಳೆದರೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ದುಬೈ ಸುಮಾರು 2,460 ಕಿ.ಮೀ. ಅದನ್ನು ಗಂಟೆಗೆ 830 ಕಿ.ಮೀ. ವೇಗದಿಂದ ಭಾಗಿಸಿ, ಮೂರೇ ಗಂಟೆ ಬಂತು, ಟಿಕೆಟ್ಟಿನಲ್ಲಿ ಸುಳ್ಳು ಬರೆದಿದ್ದಾರೆ ಎನ್ನುವವರಿದ್ದಾರೆ. ಆ ವೇಗ ಎತ್ತರಕ್ಕೆ ಏರಿದ ಮೇಲಿನದು. ರನ್‌ವೇವರೆಗೆ ಉರುಳುವುದು, ಏರುವುದು, ವಾಯುಮಾರ್ಗದ ತಿರುವುಗಳು, ಇಳಿಯಲು ಸರದಿ ಕಾಯುವುದು, ಇಳಿದ ಮೇಲೆ ನಿಲುಗಡೆಯವರೆಗಿನ ದಾರಿ, ಇಷ್ಟೂ ಆ ಮುಕ್ಕಾಲು ಗಂಟೆಯೊಳಗಿದೆ. ತಡವಾದರೆ ಇರಲೆಂದು ಕಂಪನಿಗಳು ಒಂದಿಷ್ಟು ನಿಮಿಷ ಸೇರಿಸಿಕೊಳ್ಳುವುದೂ ಉಂಟು.

‘ಹೋಗುವಾಗ ಬೇಗ, ಬರುವಾಗ ತಡ’ ಎಂಬ ಮಾತಂತೂ ಗಡಿಯಾರ ಹುಟ್ಟಿಸಿದ ಭ್ರಮೆ. ಚಳಿಗಾಲದಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ. ಆಗ ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವ ವಿಮಾನಕ್ಕೆ ಎದುರುಗಾಳಿ, ಬರುವುದಕ್ಕೆ ಬೆನ್ನುಗಾಳಿ. ಹಾಗಾಗಿ ಎರಡು ಕಡೆಯ ಬ್ಲಾಕ್ ಟೈಮನ್ನು ಬೇರೆಬೇರೆಯಾಗಿಯೇ ನೋಡಬೇಕು.

ಇಮಿಗ್ರೇಷನ್ ಸಾಲು, ಲಗೇಜಿನ ಬೆಲ್ಟು ಇದರೊಳಗೆ ಬರುವುದಿಲ್ಲ. ಬಜ್ಪೆಗೆ ಕಾರು ಕಳಿಸುವ ಭಟ್ಕಳದವರು ಅದನ್ನು ಬೇರೆ ಸೇರಿಸಿಕೊಳ್ಳಬೇಕು.