ಸೋಡಾ ಬಿಟ್ಟ ಮರುದಿನದ ತಲೆನೋವು

ಕೋಲಾದಂಥ ಕೆಫೀನ್ ಇರುವ ಸೋಡಾ ಬಿಟ್ಟ ಮರುದಿನ ತಲೆ ಸಿಡಿಯುತ್ತದಲ್ಲ, ಆಗ ‘ಮೈಯೊಳಗಿನ ವಿಷ ಹೊರಗೆ ಹೋಗ್ತಾ ಇದೆ, ಒಳ್ಳೇದೇ’ ಎಂದು ಸಮಾಧಾನ ಹೇಳುವವರು ಸಿಕ್ಕೇ ಸಿಗುತ್ತಾರೆ. ನನಗೂ ಸಿಕ್ಕರು. ಆದರೆ ಲೆಕ್ಕ ನೋಡಿ: ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯಲ್ಲಿ ಕರಗಿಹೋಗಿರುತ್ತದೆ. ತಲೆನೋವು ಶುರುವಾಗುವುದು 12ರಿಂದ 24 ಗಂಟೆಯ ನಂತರ. ‘ವಿಷ’ ಬಹುಪಾಲು ಖಾಲಿಯಾದ ಮೇಲೆ!

ನರಕೋಶಗಳು ದುಡಿದಂತೆಲ್ಲ ಅಡೆನೊಸಿನ್ ಎಂಬ ಅಣು ಜಮೆಯಾಗುತ್ತದೆ. ಅದು ತನ್ನ ಗ್ರಾಹಕಗಳ, ಎಂದರೆ ಸುದ್ದಿ ಹಿಡಿಯಲು ಕೋಶದ ಮೇಲಿರುವ ಕುರ್ಚಿಗಳ ಮೇಲೆ ಹೋಗಿ ಕೂತರೆ ನಮಗೆ ಆಕಳಿಕೆ, ಮಂಪರು. ಕೆಫೀನಿನ ಆಕಾರವೂ ಹೆಚ್ಚುಕಡಿಮೆ ಅದರಂತೆಯೇ. ಹಾಗಾಗಿ ಮೊದಲೇ ಹೋಗಿ ಕುರ್ಚಿಗೆ ಟವೆಲ್ ಹಾಕಿಬಿಡುತ್ತದೆ. ಬೀಗದೊಳಗೆ ತೂರಿಯೂ ತಿರುಗದ ಕೀಲಿಕೈ ಎನ್ನಿ. ಅಥವಾ ಬಾಗಿಲ ಗಂಟೆಗೆ ಬಟ್ಟೆ ಸುತ್ತಿದ ಹಾಗೆ: ಬಾರಿಸುವವರು ಬಾರಿಸುತ್ತಲೇ ಇದ್ದಾರೆ, ಒಳಗೆ ಕೇಳಿಸುತ್ತಿಲ್ಲ. ದಣಿವು ಇದ್ದಲ್ಲೇ ಇದೆ, ಸುದ್ದಿ ಮಾತ್ರ ಮುಟ್ಟಿಲ್ಲ. ದಿನಾ ಹೀಗಾದರೆ ಮಿದುಳು ಸುಮ್ಮನಿದ್ದೀತೇ? ಇನ್ನಷ್ಟು ಕುರ್ಚಿ ಹಾಕಿಸುತ್ತದೆ. ಸೋಡಾ ನಿಲ್ಲಿಸಿದ ದಿನ ಟವೆಲ್ಲುಗಳೆಲ್ಲ ಮಾಯ. ಹಳೆಯ ಕುರ್ಚಿ, ಹೊಸ ಕುರ್ಚಿ ಎಲ್ಲದರಲ್ಲೂ ಅಡೆನೊಸಿನ್. ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುವ ಗುಣವೂ ಅದಕ್ಕುಂಟು. ತಲೆ ಸಿಡಿಯಲು ಇದೇ ದೊಡ್ಡ ಕಾರಣ. ಒಂದೆರಡು ದಿನ ಜೋರು, ಸಾಮಾನ್ಯವಾಗಿ 9 ದಿನದೊಳಗೆ ಎಲ್ಲ ತಣ್ಣಗೆ.

ಕೆಫೀನನ್ನು 1819ರಲ್ಲಿ ಬೇರ್ಪಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ. ಕಾಫಿಬೀಜ ಕೈಗಿಟ್ಟು ‘ಇದರಲ್ಲೇನಿದೆ ನೋಡು’ ಎಂದು ಅವನನ್ನು ಹುರಿದುಂಬಿಸಿದವನು ಕವಿ ಗಯಟೆ! 1911ರಲ್ಲಿ ಕೆಫೀನ್ ಕೋರ್ಟನ್ನೂ ಹತ್ತಿತು. ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿದ್ದು ಜಪ್ತಿಯಾದ 40 ದೊಡ್ಡ, 20 ಸಣ್ಣ ಪೀಪಾಯಿ ಕೋಕಾ-ಕೋಲಾ ಮೇಲೆ. ಕಟಕಟೆಯಲ್ಲಿ ಕಾಗದದ ಮಟ್ಟಿಗೆ ಪೀಪಾಯಿಗಳೇ ಆರೋಪಿಗಳು. ಇಂದು ಅದೇ ಕೋಲಾದ 355 ಮಿ.ಲೀ. ಕ್ಯಾನಿನಲ್ಲಿ ಕೆಫೀನ್ 34 ಮಿ.ಗ್ರಾಂ ಮಾತ್ರ. ಒಂದು ಕಪ್ ಕಾಫಿಯಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಇರುತ್ತದೆ. ಅದೇ ಕ್ಯಾನಿನಲ್ಲಿ ಸಕ್ಕರೆ 39 ಗ್ರಾಂ.

ಹಾಗಾದರೆ ತಲೆನೋವು ಹೋದ ಮೇಲೂ ಚಪಲ ಏಕೆ? ‘ಮೈ ಕೇಳ್ತಿದೆ ಅಂದ್ರೆ ಏನೋ ಕೊರತೆ ಇದೆ’ ಎಂಬ ಇನ್ನೊಂದು ನಂಬಿಕೆ ಇಲ್ಲಿ ಅಡ್ಡ ಬರುತ್ತದೆ. ಸೋಡಾದ ಕೊರತೆಯಿಂದ ಬರುವ ಕಾಯಿಲೆ ಯಾವುದಪ್ಪಾ? ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ, ‘ಬೇಕು’ ಎನಿಸುವ ರಾಸಾಯನಿಕವನ್ನು ಸೂಸುವ ಕೋಶಗಳ ಮಿಡಿತವನ್ನು ಅಳೆದು ನೋಡಿದರು. ಪಾಠ ಕಲಿತ ಕೋತಿಯಲ್ಲಿ ಅವು ಚುರುಕಾದದ್ದು ಹಣ್ಣಿನ ರಸ ನಾಲಿಗೆಗೆ ಬಿದ್ದಾಗ ಅಲ್ಲ, ರಸ ಬರುವ ಸೂಚನೆ ಸಿಕ್ಕಾಗಲೇ. ಸೂಚನೆ ಸಿಕ್ಕಿಯೂ ರಸ ಬಾರದಿದ್ದರೆ ಮಿಡಿತ ಕುಸಿಯುತ್ತಿತ್ತು.

ನನಗೆ ಆ ಸೂಚನೆ ಎಂದರೆ ಮಧ್ಯಾಹ್ನದ ನಾಲ್ಕು ಗಂಟೆ, ಫ್ರಿಜ್ಜಿನ ಬಾಗಿಲು, ಕ್ಯಾನ್ ತೆರೆದಾಗಿನ ‘ಟಿಸ್ಸ್’. ಒಮ್ಮೆಗೇ ಬಿಡುವ ಶೌರ್ಯ ತೋರಿಸದೆ ದಿನದ ಎರಡು ಕ್ಯಾನನ್ನು ಒಂದಕ್ಕೆ, ಆಮೇಲೆ ಅರ್ಧಕ್ಕೆ ಇಳಿಸಿದೆ. ಕುರ್ಚಿಗಳನ್ನು ಎತ್ತಿಡಲು ಮಿದುಳಿಗೂ ಪುರುಸೊತ್ತು ಬೇಕು. ಈಗ ನಾಲ್ಕಕ್ಕೆ ಸಕ್ಕರೆಯಿಲ್ಲದ ಬರೀ ಗ್ಯಾಸ್ ನೀರಿನ ಕ್ಯಾನ್ ತೆರೆಯುತ್ತೇನೆ. ಅದೇ ಟಿಸ್ಸ್, ನಾಲಿಗೆಗೆ ಅದೇ ಚುರುಕು. ಬಾಯಲ್ಲಿ ನೀರೂರುತ್ತದೆ. ಒಂದು ಗುಟುಕು ಇಳಿದ ಮೇಲೆ ಮಿದುಳು ಸ್ವಲ್ಪ ಪೆಚ್ಚಾಗುತ್ತದೆ, ಅಷ್ಟೆ.