4.9 ಸ್ಟಾರ್ ಇದ್ದರೆ ಊಟ ಚೆನ್ನಾಗಿರುತ್ತಾ?

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ಬೇಕಲ ಕೋಟೆ ನೋಡಲು ಬರುತ್ತಿದ್ದೇವೆ. ಮಧ್ಯಾಹ್ನದ ಊಟಕ್ಕೆ ಅಂತ ಗೂಗಲ್ ಮ್ಯಾಪ್ ನೋಡಿದರೆ ಕಾಸರಗೋಡಿನ ಒಂದು ಹೋಟೆಲಿಗೆ 4.9 ಇದೆ, ಹತ್ತಿರದ ಇನ್ನೊಂದಕ್ಕೆ 3.8. ಈ ರಿವ್ಯೂಗಳನ್ನು ನಂಬಬಹುದಾ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದಲು ನನ್ನದೇ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಸುಳ್ಳು ರಿವ್ಯೂ ನಾನೂ ಬರೆದಿದ್ದೇನೆ.

ನನ್ನ ಚಿಕ್ಕಮ್ಮನ ಮಗ ಹೋಟೆಲು ಇಟ್ಟ ದಿನ ನಾನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಅಲ್ಲಿನ ಒಂದು ಚಾ ಕೂಡ ಕುಡಿದಿರಲಿಲ್ಲ. ಸಂಜೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಬಂತು. ಮಲಗಿದಲ್ಲಿಂದಲೇ ಐದು ಸ್ಟಾರ್ ಒತ್ತಿ, 'ಫುಡ್ ಸೂಪರ್, ಸರ್ವಿಸ್ ಸೂಪರ್' ಅಂತ ಬರೆದೆ. ಬೆಳಗಾಗುವಾಗ ಮೂವತ್ತು ರಿವ್ಯೂ ಆಗಿತ್ತು. ದುಬೈ, ಶಾರ್ಜಾ, ದಮ್ಮಾಮ್‌ನಿಂದೆಲ್ಲ ಹೊಗಳಿಕೆ. ಅದರಲ್ಲಿ ಅರ್ಧ ಜನ ಊರಿಗೆ ಬಂದೇ ಎರಡು ವರ್ಷ ಆಗಿತ್ತು! ಗಲ್ಫಿನಲ್ಲಿ ಇಷ್ಟು ನೆಂಟರಿರುವ ಜಿಲ್ಲೆಯಲ್ಲಿ 4.9 ಬರುವುದಕ್ಕೆ ಒಳ್ಳೆ ಅಡುಗೆಯೇ ಬೇಕಂತಿಲ್ಲ.

ಹಾಗಾಗಿ ಸ್ಟಾರ್ ನೋಡುವ ಮೊದಲು ಪಕ್ಕದಲ್ಲಿ ಬ್ರಾಕೆಟ್ಟಿನೊಳಗಿರುವ ಸಂಖ್ಯೆ ನೋಡಿ. ಹತ್ತೇ ಜನ ಸೇರಿ ಮಾಡಿದ 4.9ಕ್ಕೆ ಹನ್ನೊಂದನೆಯವರು ಬಂದು ಒಂದು ಸ್ಟಾರ್ ಕೊಟ್ಟರೆ ಅದು 4.5ಕ್ಕೆ ಇಳಿಯುತ್ತದೆ. ಸಾವಿರ ಜನರ 4.2 ಅಂಥ ಒಂದು ಸ್ಟಾರಿಗೆಲ್ಲ ಅಲುಗಾಡುವುದಿಲ್ಲ. ಬರೆದವರ ಹೆಸರು ಒತ್ತಿದರೆ, ಅವರು ಮುಚ್ಚಿಟ್ಟಿರದಿದ್ದರೆ, ಬೇರೆಲ್ಲಿಗೆ ರಿವ್ಯೂ ಹಾಕಿದ್ದಾರೆ ಅಂತಲೂ ಕಾಣುತ್ತದೆ. ಉಳಿದದ್ದೆಲ್ಲ ಶಾರ್ಜಾದ ಸೂಪರ್ ಮಾರ್ಕೆಟ್ಟುಗಳಿಗಾದರೆ, ಅವರೂ ನನ್ನ ಹಾಗೆ ಯಾರದೋ ನೆಂಟರು.

ದುಡ್ಡಿಗೆ ಬರೆಯುವವರು ಬೇರೆಯೇ ಇದ್ದಾರೆ. ಲಂಡನ್ನಿನ ಊಬಾ ಬಟ್ಲರ್ ಎಂಬಾತ ಒಂದು ಕಾಲದಲ್ಲಿ ರಿವ್ಯೂ ಒಂದಕ್ಕೆ 10 ಪೌಂಡ್ ತೆಗೆದುಕೊಂಡು ಬರೆಯುತ್ತಿದ್ದ. 2017ರಲ್ಲಿ ತನ್ನ ಹಿತ್ತಲಿನ ಶೆಡ್ಡನ್ನೇ ಹೋಟೆಲು ಅಂತ ಟ್ರಿಪ್‌ಅಡ್ವೈಸರ್ ಎಂಬ ರಿವ್ಯೂ ವೆಬ್‌ಸೈಟಿನಲ್ಲಿ ಹಾಕಿದ. ಶೇವಿಂಗ್ ಫೋಮಿನಿಂದ ಮಾಡಿದ 'ತಿಂಡಿ'ಯ ಫೋಟೋ ಹಾಕಿದ, ಗೆಳೆಯರ ಕೈಯಲ್ಲಿ ಹೊಗಳಿಸಿದ. ಒಲೆಯೇ ಹಚ್ಚದ ಆ ಹೋಟೆಲು ಕೆಲವೇ ತಿಂಗಳಲ್ಲಿ ಲಂಡನ್ನಿಗೇ ನಂಬರ್ ಒನ್ ಆಯಿತು. ನಮ್ಮಲ್ಲಿ ಈ ಆಟಕ್ಕೆ ಇನ್ನೊಂದು ರೂಪ ಇದೆ. 'ಹೋಟೆಲಿಗೆ ಐದು ಸ್ಟಾರ್ ಕೊಡಿ, 150 ರೂಪಾಯಿ ಪಡೆಯಿರಿ' ಅಂತ ಗುರುತಿಲ್ಲದ ನಂಬರಿನಿಂದ ಮೆಸೇಜ್ ನಿಮಗೂ ಬಂದಿರಬಹುದು. ಮೊದಲೆರಡು ಸಲ ದುಡ್ಡು ಕೊಟ್ಟು, ಆಮೇಲೆ ನಿಮ್ಮಿಂದಲೇ ಕಟ್ಟಿಸಿಕೊಂಡು ಮಾಯವಾಗುವ ಮೋಸ ಅದು.

ಗೂಗಲ್ ಸುಮ್ಮನೆ ಕೂತಿಲ್ಲ. 2023ರಲ್ಲಿ 17 ಕೋಟಿಗೂ ಜಾಸ್ತಿ ರಿವ್ಯೂಗಳನ್ನು ತಡೆದಿದ್ದೇವೆ, ಇಲ್ಲವೇ ಅಳಿಸಿದ್ದೇವೆ ಅಂತ ಅದೇ ಹೇಳಿಕೊಂಡಿದೆ. ನಮ್ಮ ಸರ್ಕಾರವೂ 2022ರ ನವೆಂಬರಿನಲ್ಲಿ ರಿವ್ಯೂಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ತಂದಿತು. ಆದರೆ ಇಷ್ಟ ಇದ್ದವರು ಪಾಲಿಸಬಹುದು, ಅಷ್ಟೆ.

ಇನ್ನು ನಿಮ್ಮ 3.8ರ ವಿಷಯ. ನನಗೆ ಕುತೂಹಲ ಇರುವುದು ಅದರ ಮೇಲೆಯೇ. ನಮ್ಮ ಕಡೆಯ ಹೋಟೆಲುಗಳಿಗೆ ಕಮ್ಮಿ ಸ್ಟಾರ್ ಯಾಕೆ ಬೀಳುತ್ತದೆ ಅಂತ ಓದುತ್ತಾ ಕೂತರೆ ನಗು ಬರುತ್ತದೆ. ಒಬ್ಬರು 'ಅನ್ನ ದಪ್ಪ, ಕೆಂಪು, ಸರಿಯಾಗಿ ತೊಳೆದಿಲ್ಲ' ಅಂತ ಒಂದು ಸ್ಟಾರ್ ಕೊಟ್ಟಿದ್ದರು. ಅದು ಕುಚ್ಚಲಕ್ಕಿ ಅನ್ನ ಮಾರಾಯ್ರೆ, ನಾವು ದಿನಾ ಉಣ್ಣುವುದೇ ಅದನ್ನು. ಇನ್ನೊಬ್ಬರ ದೂರು: 'ಕುಡಿಯಲು ಕೊಟ್ಟ ನೀರಿಗೆ ಬಣ್ಣ ಇತ್ತು, ಬಿಸಿ ಬೇರೆ.' ಪತಿಮುಖಂ ಎಂಬ ಮರದ ಚೆಕ್ಕೆ ಹಾಕಿ ಕುದಿಸಿದರೆ ನೀರು ತಿಳಿ ಗುಲಾಬಿಯಾಗುತ್ತದೆ. ಗಡಿ ದಾಟಿ ಬಂದವರಿಗೆ ಅದು ಕೊಳಕು ನೀರಿನ ಹಾಗೆ ಕಂಡಿದೆ. ಪಾಪ, ಅಡುಗೆಯವರ ತಪ್ಪೇನು?

ಭಾಷೆಯದ್ದೂ ಒಂದು ತಮಾಷೆ ಇದೆ. ಇಲ್ಲಿನ ರಿವ್ಯೂಗಳಲ್ಲಿ ಬಹಳಷ್ಟು ಮಲಯಾಳದಲ್ಲಿರುತ್ತವೆ. 'ಬಿರಿಯಾಣಿ ಪೊಳಿಚ್ಚು' ಅಂದರೆ ಸಖತ್ತಾಗಿತ್ತು ಅಂತ. ಆದರೆ ಪೊಳಿ ಅನ್ನುವುದರ ಹಳೆಯ ಅರ್ಥ ಒಡೆ, ಕೆಡವು. ಫೋನು ಅದನ್ನು ಅನುವಾದ ಮಾಡುವಾಗ 'ಬಿರಿಯಾಣಿ ಮುರಿದುಹೋಯಿತು' ಅಂತ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಜೊತೆಯಲ್ಲಿ ಐದು ಸ್ಟಾರ್ ಇದ್ದರೆ ಹೆದರಬೇಡಿ, ಮುರಿದದ್ದು ಅನುವಾದ ಮಾತ್ರ.

ನಾನು ಓದುವುದು ಎರಡು, ಮೂರು ಸ್ಟಾರಿನವರನ್ನು. 'ಬಂಗುಡೆ ಫ್ರೈ ಚೆನ್ನಾಗಿತ್ತು, ಸಾಂಬಾರು ನೀರು ನೀರು, ಭಾನುವಾರ ಮುಕ್ಕಾಲು ಗಂಟೆ ಕಾಯಿಸಿದರು' ಅಂತ ಬರೆಯುವವರಿಗೆ ಹೋಟೆಲಿನವರೊಡನೆ ಪ್ರೀತಿಯೂ ಇರುವುದಿಲ್ಲ, ಜಗಳವೂ ಇರುವುದಿಲ್ಲ. ಹೊಸ ರಿವ್ಯೂಗಳು ಮೇಲೆ ಬರುವ ಹಾಗೆ ಮಾಡಿಕೊಂಡೇ ಓದಿ. ಹೆದ್ದಾರಿ 66 ಅಗಲವಾಗುವಾಗ ಇಲ್ಲಿ ದಾರಿ ಬದಿಯ ಎಷ್ಟೋ ಕಟ್ಟಡಗಳು ಹೋದವು. ಹೆಸರು ಹಳೆಯದೇ ಇದ್ದರೂ ಜಾಗ ಬದಲಾಗಿರಬಹುದು, ಅಡುಗೆಭಟ್ಟರೂ ಬದಲಾಗಿರಬಹುದು.

ಒಂದು ವಿಷಯಕ್ಕೆ ಮಾತ್ರ ಯಾವ ಸ್ಟಾರನ್ನೂ ನಂಬಬೇಡಿ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹಲವರು ಆಸ್ಪತ್ರೆ ಸೇರಿದರು, ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಸಿಕ್ಕಿತು. ತಿನ್ನುವಾಗ ರುಚಿಯಾಗಿದ್ದದ್ದು ಮರುದಿನ ಏನು ಮಾಡುತ್ತದೆ ಅಂತ ಮೇಜಿನಲ್ಲೇ ಕೂತು ಸ್ಟಾರ್ ಒತ್ತುವವರಿಗೆ ಗೊತ್ತಾಗುವುದಿಲ್ಲವಲ್ಲ. ಕೈ ತೊಳೆಯುವ ಜಾಗ ಹೇಗಿದೆ, ಮಾಂಸ, ಮೀನು ಬಿಸಿಬಿಸಿಯಾಗಿ ಬರುತ್ತದಾ, ಗೋಡೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದೆಯಾ, ಇದನ್ನು ನೀವೇ ನೋಡಬೇಕು.

ನಿಮ್ಮ ಎರಡು ಹೋಟೆಲುಗಳಲ್ಲಿ ನಾನಾದರೆ 3.8ರ ಬಯ್ಗುಳಗಳನ್ನು ಮೊದಲು ಓದುತ್ತೇನೆ. ಅನ್ನ ದಪ್ಪ, ನೀರಿಗೆ ಬಣ್ಣ ಅಂತಲೇ ಇದ್ದರೆ ಅಲ್ಲಿಗೇ ಹೋಗುತ್ತೇನೆ. ಕೂತ ಕೂಡಲೇ 'ಬೆಳ್ತಿಗೆ ಅನ್ನ ಇದೆಯಾ' ಅಂತ ಕೇಳಿ, ಬಿಳಿ ಅನ್ನ ಇದ್ದರೆ ಕೊಡುತ್ತಾರೆ. ಮತ್ತೆ, ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಬನ್ನಿ. ತಡವಾದರೆ ಬಂಗುಡೆ ಮುಗಿದಿರುತ್ತದೆ.