ಮೊದಲು ಕುಡಿಯುವ ಸಕ್ಕರೆ ಬಿಡಿ

ಸಕ್ಕರೆ ಕಮ್ಮಿ ಮಾಡಿ ಅಂದ ಕೂಡಲೇ ಬರುವ ಪ್ರಶ್ನೆ, 'ಮೆದುಳಿಗೆ ಗ್ಲೂಕೋಸ್ ಬೇಕಲ್ವಾ?' ಬೇಕು, ನಿಜ. ದೊಡ್ಡವರ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಆದರೆ ಅದು ಸಕ್ಕರೆ ಡಬ್ಬಿಯಿಂದಲೇ ಬರಬೇಕು ಅಂತೇನಿಲ್ಲ. ಧಾನ್ಯ, ಕಾಳು, ತರಕಾರಿಯಲ್ಲಿರುವ ಪಿಷ್ಟವನ್ನು ಒಡೆದು ದೇಹ ತಾನೇ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಒಂದು ಹೊತ್ತಿನ ಊಟ ತಪ್ಪಿದರೂ ಲಿವರ್ ತಾನು ಕೂಡಿಟ್ಟಿದ್ದನ್ನು ರಕ್ತಕ್ಕೆ ಬಿಡುತ್ತದೆ. (ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರಿಗೆ ಶುಗರ್ ದಿಢೀರನೆ ಇಳಿದಾಗ ಸಕ್ಕರೆಯೇ ಮದ್ದು. ಅದು ಬೇರೆ ವಿಷಯ.)

ಸಕ್ಕರೆಯ ಒಂದು ಅಣುವಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಜೋಡಿಯಾಗಿರುತ್ತವೆ. ಸಣ್ಣ ಕರುಳಿನ ಕಿಣ್ವವೊಂದು ಅವನ್ನು ಬಿಡಿಸುತ್ತದೆ. ಗ್ಲೂಕೋಸನ್ನು ಮೈಯ ಎಲ್ಲ ಭಾಗಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸಿನ ಹೊರೆ ಬೀಳುವುದು ಹೆಚ್ಚಾಗಿ ಲಿವರ್ ಮೇಲೆ. ಸ್ವಲ್ಪಸ್ವಲ್ಪವೇ ಬಂದರೆ ಕರುಳು, ಲಿವರ್ ಸೇರಿ ಸುಧಾರಿಸಿಕೊಳ್ಳುತ್ತವೆ. ದಿನವೂ ಒಮ್ಮೆಲೇ ಜಾಸ್ತಿ ಬರುತ್ತಿದ್ದರೆ ಲಿವರ್ ಅದರಲ್ಲಿ ಒಂದು ಪಾಲನ್ನು ಕೊಬ್ಬು ಮಾಡುತ್ತದೆ. ಆ ಕೊಬ್ಬು ಸ್ವಲ್ಪ ಅಲ್ಲೇ ಉಳಿಯುತ್ತದೆ, ಸ್ವಲ್ಪ ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಸೇರುತ್ತದೆ. ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್ ಬರುವುದಕ್ಕೆ ಇದೂ ಒಂದು ಕಾರಣ.

ಹಾಗಂತ ಹಣ್ಣು ಬಿಡಬೇಡಿ. ಒಂದು ಕಿತ್ತಳೆಯಲ್ಲಿ ಸುಮಾರು 12 ಗ್ರಾಂ ಸಕ್ಕರೆ ಇದ್ದರೂ ಅದು ನಾರಿನ ಜೊತೆಗೇ ಇರುತ್ತದೆ. ಅಗಿದು ತಿನ್ನಬೇಕು, ಹೊಟ್ಟೆ ತುಂಬುತ್ತದೆ, ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ಮೂರು ಹಣ್ಣು ಹಿಂಡಿ ಸೋಸಿ ನೋಡಿ. ನಾರು ಬಹುಪಾಲು ಕಸಕ್ಕೆ ಹೋಯಿತು, ಒಂದೇ ಲೋಟ ರಸ ಬಂತು, ಎರಡು ನಿಮಿಷದಲ್ಲಿ ಕುಡಿದು ಮುಗಿಯಿತು. ಮೂರು ಹಣ್ಣು ಒಟ್ಟಿಗೆ ತಿಂದಿದ್ದರೆ ಹಸಿವೇ ಇರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜ್ಯೂಸ್, ಜೇನುತುಪ್ಪದ ಸಿಹಿಯನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿರುವುದು ಸುಮ್ನೆ ಅಲ್ಲ.

ಆ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ದಿನದ ಕ್ಯಾಲರಿಯ ಶೇ. 10ಕ್ಕಿಂತ ಕಡಿಮೆ. ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಶೇ. 5 ಅಂದರೆ 25 ಗ್ರಾಂ, ಆರು ಟೀ ಚಮಚ. 330 ಮಿಲಿಲೀಟರಿನ ಒಂದು ಕೋಲಾ ಕ್ಯಾನಿನಲ್ಲೇ ಸುಮಾರು 35 ಗ್ರಾಂ ಇರುತ್ತದೆ! ಅದನ್ನು ಕುಡಿದವರು ಊಟವನ್ನೇನೂ ಅಷ್ಟಕ್ಕೆ ಸರಿಯಾಗಿ ಕಮ್ಮಿ ಮಾಡುವುದಿಲ್ಲ. ಅದಕ್ಕೇ ನನ್ನ ಪ್ರಕಾರ ಮೊದಲು ಬಿಡಬೇಕಾದ್ದು ಕುಡಿಯುವ ಸಕ್ಕರೆ. ಅಪರೂಪಕ್ಕೊಮ್ಮೆ ತಿನ್ನುವ ಕೇಕಿನ ಬಗ್ಗೆ ಆಮೇಲೆ ಯೋಚಿಸಿದರಾಯಿತು.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ಬ್ರಿಟನ್ನಿನಲ್ಲಿ ಯುದ್ಧಕಾಲದಲ್ಲಿ ಶುರುವಾದ ಸಕ್ಕರೆ ರೇಷನ್ ಮುಗಿದದ್ದು 1953ರಲ್ಲಿ. ಅದಾದ ಮೇಲೆ ಜನ ತಿನ್ನುವ ಸಕ್ಕರೆ ಹೆಚ್ಚುಕಮ್ಮಿ ಎರಡರಷ್ಟಾಯಿತು. ರೇಷನ್ ಮುಗಿಯುವ ಮೊದಲು ಹುಟ್ಟಿದವರನ್ನೂ ನಂತರ ಹುಟ್ಟಿದವರನ್ನೂ ಹೋಲಿಸಿದ ಅಧ್ಯಯನವೊಂದು 2024ರಲ್ಲಿ ಬಂತು. ತಾಯಿಯ ಹೊಟ್ಟೆಯಲ್ಲಿ ಮತ್ತು ಮೊದಲ ಎರಡು ವರ್ಷ ಸಕ್ಕರೆ ಮಿತಿಯಲ್ಲಿದ್ದವರಿಗೆ, ದೊಡ್ಡವರಾದ ಮೇಲೆ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ. 35ರಷ್ಟು, ಬಿಪಿಯ ಅಪಾಯ ಸುಮಾರು ಶೇ. 20ರಷ್ಟು ಕಮ್ಮಿ ಇತ್ತು.

ಪ್ಯಾಕೆಟ್ ಹಿಂದಿನ ಅಕ್ಷರ ಎಷ್ಟೇ ಸಣ್ಣದಿರಲಿ, ಓದಿ. ಯಾವುದು ಜಾಸ್ತಿಯೋ ಅದರ ಹೆಸರು ಸಾಮಾನ್ಯವಾಗಿ ಮೊದಲು ಇರುತ್ತದೆ. ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಅಂತ ಮೂರು ಹೆಸರಲ್ಲಿ ಹಂಚಿಹೋದಾಗ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ. ಮೂರನ್ನೂ ಕೂಡಿಸಿಕೊಂಡೇ ನೋಡಬೇಕು. ಒಂದು ದೊಡ್ಡ ಚಮಚ ಟೊಮೆಟೊ ಕೆಚಪ್‌ನಲ್ಲೂ ಸುಮಾರು ಒಂದು ಟೀ ಚಮಚ ಸಕ್ಕರೆ ಇರುತ್ತದೆ.

ಚಹಾ, ಕಾಫಿಗೆ ಹಾಕುವ ಸಕ್ಕರೆಯನ್ನು ಒಂದೇ ದಿನ ನಿಲ್ಲಿಸಬೇಕಾಗಿಲ್ಲ. ಕಾಲು ಚಮಚ ಇಳಿಸಿ, ಅದು ರೂಢಿಯಾದ ಮೇಲೆ ಇನ್ನೊಂದು ಕಾಲು ಇಳಿಸಿ. ಕೆಲವು ತಿಂಗಳು ಸಕ್ಕರೆ ಕಮ್ಮಿ ತಿಂದವರಿಗೆ ಅದೇ ಪುಡ್ಡಿಂಗ್ ಮೊದಲಿಗಿಂತ ಸಿಹಿ ಅನ್ನಿಸಿದ್ದು ಪ್ರಯೋಗದಲ್ಲೇ ಕಂಡಿದೆ. ಮತ್ತೆ ಹಳೆಯ ಆಹಾರಕ್ಕೆ ಮರಳಿದಾಗ ನಾಲಿಗೆಯೂ ಮರಳಿತು. ಕೃತಕ ಸಿಹಿಯನ್ನು ನಾನು ಶಿಫಾರಸು ಮಾಡದಿರುವುದಕ್ಕೆ ಒಂದು ಕಾರಣ ಇದೇ: ಸಕ್ಕರೆ ಹೋದರೂ ಅಷ್ಟೇ ಸಿಹಿ ಬೇಕೆನ್ನುವ ಅಭ್ಯಾಸ ಹೋಗುವುದಿಲ್ಲ. ತೂಕ ಇಳಿಸಲು ಅದನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.